ಹತ್ತು ಪೌಂಡಿನ ಹಡಗು, ಆರು ಬುಧವಾರ: ಒಂದು ಪ್ರಕರಣ ಅಧ್ಯಯನ

ಜಗಳ ಶುರುವಾಗಿದ್ದು ಕಕ್ಕಸಿನ ವಿಷಯಕ್ಕೆ.

ಟಿವಿಯಲ್ಲಿ ಒಂದು ಧಾರಾವಾಹಿ, ಕಥೆಯಲ್ಲಿ 1956ನೇ ಇಸವಿ. ಮ್ಯಾಂಚೆಸ್ಟರ್ ಕಡೆಯ ಒಂದು ಕುಟುಂಬ ಆಸ್ಟ್ರೇಲಿಯಾಕ್ಕೆ ಬಂದು ವಲಸಿಗರ ಹಾಸ್ಟೆಲ್ಲಿನಲ್ಲಿ ಇಳಿದಿದೆ. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದ ಹಾಗಿರುವ ತಗಡಿನ ಗುಡಿಸಲುಗಳು. ತಾಯಿಯ ಮುಖ ಸಣ್ಣಗಾಗಿದೆ. ಅಷ್ಟರಲ್ಲಿ ನಾನು ಕೆಲಸ ಮಾಡುವ ವೃದ್ಧಾಶ್ರಮದ ಟಿವಿ ರೂಮಿನ ಮುಂದಿನ ಸಾಲಿನಿಂದ ಒಬ್ಬರು ಅಜ್ಜಿ ಜೋರಾಗಿ, "ಸುಳ್ಳು! ಹೀಗಿರಲೇ ಇಲ್ಲ. ನಮ್ಮ ಹಾಸ್ಟೆಲ್ಲಿನ ಕಕ್ಕಸು ಕೂಡ ಚೊಕ್ಕಟವಾಗಿತ್ತು" ಅಂದರು.

ಹಿಂದಿನ ಸಾಲಿನಲ್ಲಿ ಇನ್ನೊಬ್ಬರು ಅಜ್ಜಿ ಇದ್ದರು. ಇವರಿಗಿಂತ ಹತ್ತು ವರ್ಷ ದೊಡ್ಡವರು. ಅವರು ಮೆಲ್ಲಗೆ ಕೇಳಿದರು, "ಆಗ ನಿನಗೆ ಎಷ್ಟು ವಯಸ್ಸು?"

"ಒಂಬತ್ತು."

"ಹಾಗಾದರೆ ನೀನು ಕೂರೋ ಮುಂಚೆ ಅದನ್ನ ಒರೆಸಿದ್ದು ನಿಮ್ಮಮ್ಮ ಇರಬೇಕು."

ಒಂದು ಮಾತಿಲ್ಲ. ಟಿವಿ ಮಾತ್ರ ಓಡುತ್ತಿತ್ತು. ಮುಂದಿನ ಸಾಲಿನ ಅಜ್ಜಿ ಆ ದಿನ ಚಹಾ ಕೂಡ ಕುಡಿಯದೆ ತಮ್ಮ ಕೋಣೆಗೆ ಹೋದರು. ನಾನು ಕಪ್ಪು ಬಸಿ ಜೋಡಿಸುತ್ತಾ, ಮುಂದಿನ ವಾರ ಇದನ್ನು ಹಾಕಬೇಕೋ ಬೇಡವೋ ಅಂತ ತುಂಬಾ ಹೊತ್ತು ಯೋಚನೆ ಮಾಡಿದೆ. ಹಾಕಿದೆ. ಆರು ಬುಧವಾರ ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಧಾರಾವಾಹಿ ಬಂದಾಗಲೆಲ್ಲ ಜನ "ನಿಜಕ್ಕೂ ಹೀಗಿತ್ತಾ, ಹೀಗಿರಲಿಲ್ಲವಾ" ಅಂತ ಕಿತ್ತಾಡುತ್ತಾರೆ, ಆ ಕಿತ್ತಾಟದ ಒಳಗೆ ಬೇರೆಯೇ ಒಂದು ವಿಷಯ ಇರುತ್ತೆ ಅಂತ ನನಗೆ ಗೊತ್ತಾಗಿದ್ದು ಆ ಆರು ವಾರದಲ್ಲಿ.

ಯಾರು, ಎಲ್ಲಿ

ನಾನು ಹಾಸನದ ಕಡೆಯವಳು. ಅಡಿಲೇಡ್ ಊರಿನ ಉತ್ತರ ಭಾಗದ ಒಂದು ವೃದ್ಧಾಶ್ರಮದಲ್ಲಿ ಕೆಲಸ. ಅಲ್ಲಿರುವವರಿಗೆ ಹಾಡು, ಹಳೆ ಸಿನಿಮಾ, ತೋಟದ ಕೆಲಸ, ಹುಟ್ಟುಹಬ್ಬ ಇಂಥದ್ದನ್ನೆಲ್ಲ ನಡೆಸುವುದು ನನ್ನ ಪಾಲಿಗೆ ಬಂದಿದೆ. ಹತ್ತಿರದಲ್ಲೇ ಎಲಿಜಬೆತ್ ಅಂತ ಒಂದು ಊರಿದೆ. 1955ರಲ್ಲಿ ಹೊಲಗಳ ನಡುವೆ ಸರ್ಕಾರ ಕಟ್ಟಿಸಿದ ಊರು, ಬ್ರಿಟನ್ ರಾಣಿಯ ಹೆಸರು. ಬ್ರಿಟನ್‌ನಿಂದ ಬಂದವರು ಅಲ್ಲಿ ಎಷ್ಟು ಜಾಸ್ತಿ ಇದ್ದರೆಂದರೆ ಬೀದಿಯಲ್ಲಿ ಆಸ್ಟ್ರೇಲಿಯಾದ ಮಾತಿಗಿಂತ ಲ್ಯಾಂಕಶೈರ್, ಗ್ಲಾಸ್ಗೋ ಮಾತೇ ಹೆಚ್ಚು ಕೇಳುತ್ತಿತ್ತು ಅಂತ ಹಳಬರು ಹೇಳುತ್ತಾರೆ. ರಾಕ್ ಗಾಯಕ ಜಿಮ್ಮಿ ಬಾರ್ನ್ಸ್ ಗ್ಲಾಸ್ಗೋದಿಂದ ಬಂದು ಬೆಳೆದದ್ದು ಅಲ್ಲೇ. ಹೋಲ್ಡನ್ ಕಾರಿನ ಫ್ಯಾಕ್ಟರಿ ಇದ್ದದ್ದೂ ಅಲ್ಲೇ, 2017ರಲ್ಲಿ ಮುಚ್ಚಿತು.

ಧಾರಾವಾಹಿಯ ಹೆಸರು 'ಟೆನ್ ಪೌಂಡ್ ಪಾಮ್ಸ್'. 2023ರ ಮೇ ತಿಂಗಳಲ್ಲಿ ಬ್ರಿಟನ್‌ನ ಬಿಬಿಸಿಯಲ್ಲೂ ಇಲ್ಲಿನ ಸ್ಟಾನ್ ಅನ್ನೋ ಆನ್‌ಲೈನ್ ವಾಹಿನಿಯಲ್ಲೂ ಬಂತು. ಆ ವರ್ಷ ಆರು ಕಂತು. ಪಾಮ್ ಅಂದರೆ ಬ್ರಿಟಿಷರನ್ನು ಆಸ್ಟ್ರೇಲಿಯಾದವರು ಕರೆಯುವ ಅಡ್ಡಹೆಸರು, ಪ್ರೀತಿಗೂ ಬಳಸುತ್ತಾರೆ, ಬೈಯೋದಕ್ಕೂ ಬಳಸುತ್ತಾರೆ. ಹತ್ತು ಪೌಂಡ್ ಅನ್ನೋದು ಹಡಗಿನ ದುಡ್ಡು.

ಆ ದುಡ್ಡಿನ ಕಥೆ ಗೊತ್ತಿಲ್ಲದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಆಸ್ಟ್ರೇಲಿಯಾಕ್ಕೆ ಜನ ಬೇಕಿತ್ತು. ಜಪಾನ್ ಮನೆ ಬಾಗಿಲಿಗೇ ಬಂದು ಹೋಗಿತ್ತು, ಅಷ್ಟು ದೊಡ್ಡ ದೇಶದಲ್ಲಿ ಜನ ಕೋಟಿಯೂ ಇರಲಿಲ್ಲ. 1945ರಲ್ಲಿ ವಲಸೆಗೆ ಅಂತಲೇ ಒಂದು ಇಲಾಖೆ ಮಾಡಿದರು, ಆರ್ಥರ್ ಕಾಲ್ವೆಲ್ ಅದರ ಮೊದಲ ಮಂತ್ರಿ. ಜನ ತುಂಬಿಸಿ, ಇಲ್ಲವೇ ನಾಶವಾಗಿ ಅನ್ನೋದು ಆಗಿನ ಘೋಷಣೆ. 1947ರಿಂದ ಬ್ರಿಟನ್‌ನ ದೊಡ್ಡವರು ಹತ್ತು ಪೌಂಡ್ ಕೊಟ್ಟರೆ ಸಾಕು, ಉಳಿದ ಹಡಗಿನ ಖರ್ಚು ಸರ್ಕಾರದ್ದು. ಚಿಕ್ಕ ಮಕ್ಕಳಿಗೆ ಪುಕ್ಕಟೆ. ಬ್ರಿಟನ್‌ನಲ್ಲಿ ಆಗ ಬಾಂಬ್ ಬಿದ್ದ ಮನೆಗಳು ಇನ್ನೂ ಹಾಗೇ ಇದ್ದವು, ರೇಷನ್ ಪೂರ್ತಿ ನಿಂತಿದ್ದೇ 1954ರಲ್ಲಿ. ಪೋಸ್ಟರ್ ತುಂಬಾ ಬಿಸಿಲು, ಕಡಲು, ಸ್ವಂತ ಮನೆ. 1945ರಿಂದ 1972ರ ತನಕ ಹತ್ತು ಲಕ್ಷಕ್ಕೂ ಜಾಸ್ತಿ ಬ್ರಿಟಿಷರು ಹೊರಟುಬಂದರು.

ಒಂದು ಷರತ್ತಿತ್ತು. ಎರಡು ವರ್ಷ ಇರಲೇಬೇಕು. ಅದಕ್ಕೆ ಮುಂಚೆ ವಾಪಸ್ ಹೋಗುವುದಾದರೆ ಸರ್ಕಾರ ಹಾಕಿದ ದುಡ್ಡು ಕಟ್ಟಬೇಕು, ಮೇಲೆ ಹೋಗುವ ಟಿಕೆಟ್ಟೂ ಸ್ವಂತದ್ದು, ಅದೇ ತಲೆಗೆ ಕನಿಷ್ಠ 120 ಪೌಂಡ್. ಮಕ್ಕಳೊಂದಿಗರು ಎಲ್ಲಿಂದ ತರುತ್ತಾರೆ? ಆದ್ದರಿಂದ ಹೆಚ್ಚಿನವರು ಎರಡು ವರ್ಷ ಎಣಿಸಿದರು. ನಾಲ್ಕರಲ್ಲಿ ಒಬ್ಬರು ವಾಪಸ್ ಹೋದರು. ಹಾಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಮತ್ತೆ ಬಂದರು! ಅವರಿಗೆ ಬೂಮರಾಂಗ್ ಪಾಮ್ಸ್ ಅಂತ ಹೆಸರು.

ನಮ್ಮ ರೂಮಿನಲ್ಲಿ ಇದ್ದದ್ದು ಎಂಟು ಜನ. ಯಾರ ಹೆಸರೂ ಹೇಳುವುದಿಲ್ಲ, ಊರಿನ ಹೆಸರಿಂದ ಕರೆಯುತ್ತೇನೆ. ಮುಂದಿನ ಸಾಲಿನವರು ಲೀಡ್ಸ್ ಅಜ್ಜಿ, 1957ರಲ್ಲಿ ಒಂಬತ್ತು ವರ್ಷದ ಹುಡುಗಿಯಾಗಿ ಬಂದವರು. ಹಿಂದಿನವರು ಗ್ಲಾಸ್ಗೋ ಅಜ್ಜಿ, 1962ರಲ್ಲಿ 24 ವರ್ಷ, ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು. ಬ್ರಿಸ್ಟಲ್ ತಾತ 19ನೇ ವಯಸ್ಸಿಗೆ ಒಬ್ಬರೇ ಬಂದವರು. ಬೂಮರಾಂಗ್ ಗಂಡ ಹೆಂಡತಿ ಒಂದು ಜೋಡಿ. ಯಾವಾಗಲೂ ಕಿಟಕಿ ಪಕ್ಕ ಕೂರುವ ಒಬ್ಬರು ತಾತ, ಅವರ ಫೈಲಿನಲ್ಲಿ "1950, ಒಬ್ಬರೇ ಬಂದರು" ಅಂತ ಮಾತ್ರ ಇತ್ತು. ಇಲ್ಲೇ ಹುಟ್ಟಿ ಬೆಳೆದ ಒಬ್ಬರು ಟೀಚರಮ್ಮ. ಎಂಟನೆಯವರು ನಮ್ಮ ಕೋಲಾರ ಚಿನ್ನದ ಗಣಿಯ ಆಂಟಿ. ಅವರ ವಿಷಯ ಆಮೇಲೆ.

ಒಂಬತ್ತು ವರ್ಷದ ಕಣ್ಣು

ಎರಡನೇ ಬುಧವಾರ ಲೀಡ್ಸ್ ಅಜ್ಜಿ ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು. ಕೈಯಲ್ಲಿ ಒಂದು ಫೋಟೋ. ಹಾಸ್ಟೆಲ್ ಗುಡಿಸಲಿನ ಒಳಗೆ ತೆಗೆದದ್ದು. ಹೂವಿನ ಬಟ್ಟೆ ಹೊದಿಸಿದ ಒಂದು ಮೇಜಿನ ಮುಂದೆ ಪುಟ್ಟ ಹುಡುಗಿ ಮೊಣಕಾಲೂರಿ ಕೂತು ಬರೆಯುತ್ತಿದ್ದಾಳೆ. "ನೋಡು, ಎಷ್ಟು ಅಚ್ಚುಕಟ್ಟಾಗಿದೆ. ಈ ಟೇಬಲ್ ಮೇಲೆ ನಾನು ಹೋಂವರ್ಕ್ ಮಾಡ್ತಿದ್ದೆ. ಅಮ್ಮ ಪ್ರತಿ ಭಾನುವಾರ ಆ ಬಟ್ಟೆ ಒಗೆದು ಇಸ್ತ್ರಿ ಹಾಕ್ತಿದ್ದಳು. ಟಿವಿಯಲ್ಲಿ ತೋರಿಸೋ ಹಾಗೆ ಅಳ್ತಾ ಕೂತಿರಲಿಲ್ಲ."

ಆಮೇಲೆ ಅವರು ಹೇಳಿದ್ದೆಲ್ಲ ಸಂತೋಷದ ಮಾತು. ಗುಡಿಸಲುಗಳ ಮಧ್ಯೆ ನೂರಾರು ಮಕ್ಕಳು, ಶಾಲೆ ಬಿಟ್ಟ ಮೇಲೆ ಕತ್ತಲಾಗುವ ತನಕ ಆಟ, ಮಳೆ ಬಂದರೆ ತಗಡಿನ ಮೇಲೆ ಮದ್ದಲೆ ಬಡಿದ ಹಾಗೆ ಸದ್ದು, ಕ್ಯಾಂಟೀನಿನಲ್ಲಿ ಎಷ್ಟು ಬೇಕೋ ಅಷ್ಟು ಜೆಲ್ಲಿ. ಬದುಕಿನಲ್ಲಿ ಅಷ್ಟು ಚೆನ್ನಾಗಿದ್ದ ಕಾಲ ಇನ್ನೊಂದಿಲ್ಲ ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹೇಳುವಾಗ ಅವರ ಮುಖ ನೋಡಿದ್ದರೆ ನಿಮಗೂ ಗೊತ್ತಾಗುತ್ತಿತ್ತು.

ಗ್ಲಾಸ್ಗೋ ಅಜ್ಜಿಗೆ ಅದೇ ತಗಡು, ಅದೇ ಕ್ಯಾಂಟೀನು. ಆದರೆ ಅವರ ನೆನಪಿನಲ್ಲಿ ಬೇಸಿಗೆಯಲ್ಲಿ ತಗಡಿನೊಳಗೆ ಕಾದ ಬಾಣಲೆಯಲ್ಲಿ ಕೂತ ಹಾಗೆ, ಮಗುವಿಗೆ ಮೈತುಂಬಾ ಬೆವರುಸಾಲೆ. ಗುಡಿಸಲಿನಲ್ಲಿ ಅಡುಗೆ ಮಾಡುವ ಹಾಗಿಲ್ಲ. ಗಂಟೆ ಹೊಡೆದಾಗ ಕ್ಯಾಂಟೀನಿಗೆ ಹೋಗಿ ಸಾಲು ನಿಲ್ಲಬೇಕು, ದಿನಾ ಕುರಿಮಾಂಸ, ಆ ಕೊಬ್ಬಿನ ವಾಸನೆ ಬಟ್ಟೆಗೂ ಕೂದಲಿಗೂ ಅಂಟಿಕೊಂಡಿರುತ್ತಿತ್ತು. "ನನ್ನ ಮಗುವಿಗೆ ಒಂದು ಬಟ್ಟಲು ಗಂಜಿ ಕಾಯಿಸೋ ಸ್ವಾತಂತ್ರ್ಯ ಇರಲಿಲ್ಲ ನನಗೆ" ಅಂದರು. ಗಂಡಂದಿರು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದರು, ಮಕ್ಕಳು ಶಾಲೆಗೆ. ಮಧ್ಯಾಹ್ನ ಆ ಬಿಸಿಲಲ್ಲಿ ಒಗೆಯುವ ಕಲ್ಲಿನ ಹತ್ತಿರ ಹೆಂಗಸರು ಮಾತ್ರ. ಯಾರಾದರೂ ಅಳುತ್ತಿದ್ದರೆ ಇನ್ನೊಬ್ಬರು ನಲ್ಲಿ ಜೋರಾಗಿ ಬಿಡುತ್ತಿದ್ದರಂತೆ, ಮಕ್ಕಳಿಗೆ ಕೇಳಿಸದಿರಲಿ ಅಂತ.

ಆ ನಲ್ಲಿಯ ಮಾತು ಕೇಳಿದ ಮೇಲೆ ನಾನೊಂದು ಲೆಕ್ಕ ಹಾಕಿದೆ. ಧಾರಾವಾಹಿಯ ಕಥೆ 1956ರದ್ದು. ಆಗ 30 ವರ್ಷದ ತಾಯಿ 2023ಕ್ಕೆ 97. ಅಂಥವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ, ಉಳಿದಿದ್ದರೂ ಎಷ್ಟು ಜನ ಟಿವಿ ನೋಡಿ ಅಭಿಪ್ರಾಯ ಹೇಳುತ್ತಾರೆ? ಇವತ್ತು "ನಾವು ಅಲ್ಲಿದ್ದೆವು, ಹೀಗಿರಲಿಲ್ಲ" ಅಂತ ಹೇಳುವವರಲ್ಲಿ ಮುಕ್ಕಾಲು ಪಾಲು ಆಗ ಚಡ್ಡಿ ಫ್ರಾಕು ಹಾಕಿಕೊಂಡು ಓಡಾಡುತ್ತಿದ್ದ ಮಕ್ಕಳೇ ಇರಬೇಕು. ಕಥೆಯ ನಡುವೆ ಇರುವುದು ಅವರಲ್ಲ, ಅವರ ಅಮ್ಮಂದಿರು. ತಮ್ಮದಲ್ಲದ ಕಥೆಯನ್ನು ಅವರು ತಮ್ಮ ನೆನಪಿನ ಪಕ್ಕ ಇಟ್ಟು ನೋಡುತ್ತಿದ್ದಾರೆ. ಹೊಂದಿಕೆ ಆಗುವುದಾದರೂ ಹೇಗೆ, ಅಲ್ವಾ?

ಇದು ನನ್ನ ಊಹೆ ಮಾತ್ರ ಅಲ್ಲ. ನಮ್ಮ ಎಂಟು ಜನರಲ್ಲೇ ಬಂದ ವಯಸ್ಸಿಗೂ ಸಿಟ್ಟಿಗೂ ಸಂಬಂಧ ಎದ್ದು ಕಾಣುತ್ತಿತ್ತು. ಮಕ್ಕಳಾಗಿ ಬಂದವರಿಗೆ ಧಾರಾವಾಹಿ ತುಂಬಾ ಕತ್ತಲೆ ಅನಿಸಿತು. ತಾಯಿಯಾಗಿ ಬಂದವರು ಕಡಿಮೆಯೇ ತೋರಿಸಿದ್ದಾರೆ ಅಂದರು. ಒಬ್ಬರೇ ಹುಡುಗನಾಗಿ ಬಂದ ಬ್ರಿಸ್ಟಲ್ ತಾತನಿಗೆ ಹಾಸ್ಟೆಲ್ ವಿಷಯದಲ್ಲಿ ಪರವೂ ಇಲ್ಲ, ವಿರೋಧವೂ ಇಲ್ಲ. ಅವರ ಸಿಟ್ಟು ಬೇರೆ ಕಡೆ ಇತ್ತು.

ಇನ್ನೊಂದು ಮಾತು. ನನ್ನ ಮಗಳಿಗೆ ಈಗ ಹನ್ನೊಂದು. ನಾವು ಇಲ್ಲಿಗೆ ಬಂದ ಮೊದಲ ವರ್ಷ ಇದ್ದದ್ದು ಇನ್ನೊಬ್ಬರ ಮನೆಯ ಗ್ಯಾರೇಜನ್ನು ಕೋಣೆ ಮಾಡಿದ ಜಾಗದಲ್ಲಿ. ಅವಳನ್ನು ಕೇಳಿದರೆ, ಅದೇ ಅವಳ ಇಷ್ಟದ ಮನೆ, ಎಲ್ಲರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು ಅಂತಾಳೆ. ನಾನು ಹಾಸನಕ್ಕೆ ಫೋನ್ ಮಾಡಿದಾಗ ಅಮ್ಮನಿಗೆ "ಎಲ್ಲಾ ಚೆನ್ನಾಗಿದೆ" ಅಂತ ಹೇಳುತ್ತಿದ್ದೆ. ಆ ವರ್ಷದ ನಿಜ ಗೊತ್ತಿರುವುದು ನನಗೂ ನನ್ನ ಗಂಡನಿಗೂ ಮಾತ್ರ.

ಕಾಣದೆ ಇದ್ದವರು

ಧಾರಾವಾಹಿಯಲ್ಲಿ ರಾನ್ ಅಂತ ಒಬ್ಬ ಮೂಲನಿವಾಸಿ ಪಾತ್ರ ಇದೆ. ಯುದ್ಧದಲ್ಲಿ ಹೋರಾಡಿ ಬಂದವನು, ಆದರೆ ತನ್ನ ದೇಶದಲ್ಲೇ ಹೊರಗಿನವನು. ಮೂರನೇ ವಾರ ಬ್ರಿಸ್ಟಲ್ ತಾತ ಅವನ ದೃಶ್ಯ ನೋಡಿ, "ಇದು ಈಗಿನ ಕಾಲದವರು ಸುಮ್ನೆ ಸೇರಿಸಿದ್ದು. ನಾನು ಇಲ್ಲಿ ಮೊದಲ ಹತ್ತು ವರ್ಷ ಒಬ್ಬ ಮೂಲನಿವಾಸಿಯನ್ನೂ ನೋಡಲಿಲ್ಲ" ಅಂದರು. ಇಂಥ ಧಾರಾವಾಹಿ ಬಂದಾಗಲೆಲ್ಲ ಕೇಳುವ ದೂರು ಇದು, ಈಗಿನ ಮನಸ್ಸನ್ನು ಹಳೆ ಕಾಲಕ್ಕೆ ತೊಡಿಸುತ್ತಾರೆ ಅಂತ.

ಅದಕ್ಕೆ ಉತ್ತರ ಕೊಟ್ಟದ್ದು ಟೀಚರಮ್ಮ. ಅವರಿಗೆ ಧಾರಾವಾಹಿಯ ಮೇಲೆ ಬೇರೆ ಕಾರಣಕ್ಕೆ ಬೇಜಾರಿತ್ತು. ಆಸ್ಟ್ರೇಲಿಯಾದವರನ್ನೆಲ್ಲ ಕುಡುಕರು, ಒರಟರು ಅನ್ನೋ ಹಾಗೆ ತೋರಿಸಿದ್ದಾರೆ, ನಮ್ಮಪ್ಪ ಹಾಗಿರಲಿಲ್ಲ ಅಂತ ಎರಡನೇ ವಾರವೇ ಹೇಳಿದ್ದರು. ಆದರೂ ಈಗ ಬ್ರಿಸ್ಟಲ್ ತಾತನ ಕಡೆ ತಿರುಗಿ ಹೇಳಿದರು: "ನೀನು ನೋಡಲಿಲ್ಲ, ಸರಿ. ಯಾಕೆ ನೋಡಲಿಲ್ಲ ಅಂತ ಯೋಚನೆ ಮಾಡಿದೀಯಾ? ಈ ಬಯಲು ಕೌರ್ನಾ ಜನರದ್ದು. ಅವರನ್ನ ಊರಾಚೆ, ಮಿಷನ್ನು ರಿಸರ್ವು ಅಂತ ದೂರ ಇಟ್ಟಿದ್ದರು. ಮಕ್ಕಳನ್ನ ತಾಯಂದಿರಿಂದ ಕಿತ್ಕೊಂಡು ಹೋಗ್ತಿದ್ದರು. ನಾನು ಪಾಠ ಮಾಡೋ ಶಾಲೆಯಲ್ಲೇ ಅಂಥ ಇಬ್ಬರು ಮಕ್ಕಳಿದ್ದರು, ನಾನು ಒಂದು ದಿನವೂ ಅವರನ್ನ ಏನೂ ಕೇಳಲಿಲ್ಲ."

ಬ್ರಿಸ್ಟಲ್ ತಾತ ವಾದ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ, "1967ರಲ್ಲಿ ಓಟು ಹಾಕಿದ್ದು ನೆನಪಿದೆ" ಅಂದರು. ಆ ವರ್ಷದ ಜನಮತದಲ್ಲಿ, ಮೂಲನಿವಾಸಿಗಳನ್ನೂ ಜನಗಣತಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ದೇಶ ನೂರಕ್ಕೆ 90 ಮತ ಹಾಕಿತು. ಅಂದರೆ ಅವರು ಹಡಗಿಳಿದಾಗ ಈ ನೆಲದವರು ಇಲ್ಲಿನ ಜನಸಂಖ್ಯೆಯ ಲೆಕ್ಕದಲ್ಲೇ ಇರಲಿಲ್ಲ. ಹತ್ತು ಪೌಂಡ್ ಕೊಟ್ಟು ಬಂದ 19ರ ಹುಡುಗ ಮೊದಲ ದಿನದಿಂದಲೇ ಇದ್ದ.

ಧಾರಾವಾಹಿ ಈ ಭಾಗವನ್ನು ಚೆನ್ನಾಗಿ ನಿಭಾಯಿಸಿದೆಯೇ ಅಂದರೆ, ಪೂರ್ತಿ ಇಲ್ಲ ಅಂತ ನನ್ನ ಅನಿಸಿಕೆ. ರಾನ್‌ಗೆ ಇನ್ನೂ ಜಾಗ ಕೊಡಬೇಕಿತ್ತು. ಎಲ್ಲರಿಗೂ ಒಂದೊಂದು ಗುಟ್ಟು ಕೊಟ್ಟು, ಪ್ರತಿ ಕಂತಿನ ಕೊನೆಗೆ ಒಂದು ಗುಟ್ಟು ಸಿಡಿಸುವ ಆತುರದಲ್ಲಿ ನಿಧಾನಕ್ಕೆ ಹೇಳಬೇಕಾದ ವಿಷಯಗಳು ಓಡಿಹೋಗುತ್ತವೆ. "ಒಂದು ಹಾಸ್ಟೆಲ್ಲಿನಲ್ಲಿ ಇಷ್ಟೊಂದು ಗುಟ್ಟಾ!" ಅಂತ ಬೂಮರಾಂಗ್ ಅಜ್ಜಿ ಪ್ರತಿ ವಾರ ಹೇಳುತ್ತಿದ್ದರು. ಅವರ ಗುಟ್ಟೂ ನಾಲ್ಕನೇ ವಾರ ಹೊರಗೆ ಬಂತು. 1969ರಲ್ಲಿ ಅವರು ವಾಪಸ್ ಇಂಗ್ಲೆಂಡಿಗೆ ಹೋದದ್ದು ತಾಯಿಗೆ ಹುಷಾರಿಲ್ಲ ಅಂತ ಎಲ್ಲರಿಗೂ ಹೇಳಿದ್ದರು. ಹಾಗೇನೂ ಇರಲಿಲ್ಲ. ಸುಮ್ನೆ ಮನೆ ನೆನಪಾಗಿ ಹೋದದ್ದು. ಹೋದ ಮೇಲೆ ಅಲ್ಲಿನ ಮಳೆ, ಸಣ್ಣ ಮನೆ, ತಾವು ಇಲ್ಲದೆಯೇ ಮುಂದೆ ಹೋಗಿದ್ದ ಗೆಳತಿಯರು. ನಾಲ್ಕು ವರ್ಷಕ್ಕೆ ಮತ್ತೆ ಹಡಗು ಹತ್ತಿದರು. ಸದಾ ಗೊಣಗುವ ಪಾಮ್ ಅಂತ ಇಲ್ಲಿನವರು ಅಣಕಿಸುತ್ತಾರಲ್ಲ, ಅದಕ್ಕೆ ಹೆದರಿ ಐವತ್ತು ವರ್ಷ ಆ ಸುಳ್ಳನ್ನು ಇಟ್ಟುಕೊಂಡಿದ್ದರು.

ಕಿಟಕಿ ಪಕ್ಕದ ತಾತ

ಇದನ್ನು ಬರೆಯುವುದು ಕಷ್ಟ. ತಪ್ಪು ನನ್ನದೇ.

ಧಾರಾವಾಹಿಯಲ್ಲಿ ಕೇಟ್ ಅಂತ ಒಬ್ಬ ನರ್ಸ್. ಅವಳು ಆಸ್ಟ್ರೇಲಿಯಾಕ್ಕೆ ಬಂದಿರುವುದು ಬಿಸಿಲಿಗಲ್ಲ, ಮನೆಗಲ್ಲ. ತನ್ನಿಂದ ದೂರವಾದ ಮಗನನ್ನು ಹುಡುಕಿಕೊಂಡು. ಅದು ಗೊತ್ತಾಗುವ ದೃಶ್ಯದಲ್ಲಿ ಕಿಟಕಿ ಪಕ್ಕದ ತಾತ ಎದ್ದರು, ವಾಕರ್ ಹಿಡಿದು ಒಂದು ಮಾತೂ ಆಡದೆ ಹೊರಗೆ ಹೋದರು. ಬಚ್ಚಲಿಗೆ ಹೋದರು ಅಂದುಕೊಂಡೆ. ರಾತ್ರಿ ಪಾಳಿಯವರು ಬೆಳಿಗ್ಗೆ ಬರೆದಿಟ್ಟಿದ್ದರು: ನಿದ್ದೆ ಮಾಡಿಲ್ಲ, ಊಟ ಮುಟ್ಟಿಲ್ಲ, ಬಾಗಿಲ ಕಡೆ ನೋಡುತ್ತಾ ಕೂತಿದ್ದಾರೆ.

"1950, ಒಬ್ಬರೇ ಬಂದರು." ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ. ಅವರು ಹುಟ್ಟಿದ ವರ್ಷವೂ ಅದೇ ಪುಟದಲ್ಲಿತ್ತು. ಕಳೆಯುವ ಲೆಕ್ಕ ಒಂದು ದಿನವೂ ಮಾಡಿರಲಿಲ್ಲ. ಬಂದಾಗ ಅವರಿಗೆ ಏಳು ವರ್ಷ.

ಬ್ರಿಟನ್‌ನ ಅನಾಥಾಲಯಗಳಲ್ಲಿ ಇದ್ದ ಸಾವಿರಾರು ಮಕ್ಕಳನ್ನು ಹೀಗೆ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದರು, ಯುದ್ಧ ಮುಗಿದ ಮೇಲೂ 1960ರ ದಶಕದ ತನಕ. ಎಷ್ಟೋ ಮಕ್ಕಳು ಅನಾಥರೇ ಆಗಿರಲಿಲ್ಲ. ಬಡತನಕ್ಕೋ, ಮದುವೆ ಆಗದೆ ಹೆತ್ತದ್ದಕ್ಕೋ ತಾಯಿ ಬಿಟ್ಟುಹೋಗಿರುತ್ತಿದ್ದಳು. ಕೆಲವರು ವಾಪಸ್ ಕರೆದುಕೊಂಡು ಹೋಗಲು ಬಂದಾಗ ಮಗು ಇರಲಿಲ್ಲ. ಮಗುವಿಗೆ ನಿನ್ನ ತಾಯಿ ಸತ್ತಳು ಅಂತ ಹೇಳಿರುತ್ತಿದ್ದರು. ಇಲ್ಲಿ ಬಂದ ಮೇಲೆ ಹೊಲದ ಕೆಲಸ, ಏಟು, ಅದಕ್ಕಿಂತ ಕೆಟ್ಟದ್ದು. 1980ರ ದಶಕದಲ್ಲಿ ನಾಟಿಂಗ್ಹ್ಯಾಮ್‌ನ ಸಮಾಜ ಕಾರ್ಯಕರ್ತೆ ಮಾರ್ಗರೆಟ್ ಹಂಫ್ರೀಸ್ ಈ ವಿಷಯ ಹೊರಗೆ ತಂದರು, 1987ರಲ್ಲಿ ಚೈಲ್ಡ್ ಮೈಗ್ರೆಂಟ್ಸ್ ಟ್ರಸ್ಟ್ ಕಟ್ಟಿ ಮಕ್ಕಳ ಮನೆಯವರನ್ನು ಹುಡುಕಿಕೊಡಲು ಶುರು ಮಾಡಿದರು. ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2009ರ ನವೆಂಬರಿನಲ್ಲಿ, ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ಕೇಳಿದ್ದು 2010ರ ಫೆಬ್ರವರಿಯಲ್ಲಿ. ಇಷ್ಟೆಲ್ಲ ನನಗೆ ಮುಂಚೆಯೇ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ಓದಿದ್ದು ದಿನಾ ಬೆಳಿಗ್ಗೆ "ಗುಡ್ ಮಾರ್ನಿಂಗ್" ಹೇಳುವ ಮನುಷ್ಯನದ್ದೂ ಆಗಿರಬಹುದು ಅಂತ ಹೊಳೆದಿರಲಿಲ್ಲ.

ಮಾರನೆಯ ದಿನ ಹೋಗಿ ಅವರ ಪಕ್ಕ ಕೂತು, ಹೇಳದೆ ತೋರಿಸಿದ್ದಕ್ಕೆ ಕ್ಷಮಿಸಿ ಅಂದೆ. ಅವರು ಅದಕ್ಕೆ ಏನೂ ಹೇಳಲಿಲ್ಲ. ಬದಲಿಗೆ ಕೇಳಿದರು, "ಅವಳಿಗೆ ಮಗ ಸಿಗ್ತಾನಾ?"

ನಾನು ಕಥೆ ಹೇಳಲು ಬಾಯಿ ತೆಗೆದೆ. "ಹೇಳಬೇಡ. ತೋರಿಸು. ಅವಳ ಭಾಗ ಮಾತ್ರ."

ಉಳಿದ ಕಂತುಗಳಲ್ಲಿ ಕೇಟ್ ಬರುವ ದೃಶ್ಯಗಳನ್ನು ಅವರ ಕೋಣೆಯಲ್ಲಿ ಇಬ್ಬರೇ ನೋಡಿದೆವು, ಬೇರೆಯದನ್ನೆಲ್ಲ ಮುಂದಕ್ಕೆ ಓಡಿಸಿ. ಎಷ್ಟೋ ಸಲ ನಿಲ್ಲಿಸು ಅಂದರು, ಆಮೇಲೆ ಮತ್ತೆ ಹಾಕು ಅಂದರು. ಮೇಲ್ವಿಚಾರಕರಿಗೆ ಮುಂಚೆಯೇ ತಿಳಿಸಿದ್ದೆ, ಕೌನ್ಸೆಲರ್ ಒಬ್ಬರು ಆ ದಿನಗಳಲ್ಲಿ ಇರುತ್ತಿದ್ದರು. ಎಲ್ಲ ಮುಗಿದ ಮೇಲೆ ತಾತ ಒಂದೇ ಮಾತು ಹೇಳಿದರು: "ನನ್ನ ಅಮ್ಮನೂ ಬರಬಹುದಿತ್ತು ಅಂತ ನಾನು ಅಂದುಕೊಂಡೇ ಇರಲಿಲ್ಲ. ಸತ್ತವಳು ಹೇಗೆ ಬರ್ತಾಳೆ ಅಂತ. ಅವಳು ಸತ್ತಿರಲಿಲ್ಲ, ಗೊತ್ತಾ?"

ರೂಮಿನಲ್ಲಿ ಎಲ್ಲರೂ ಧಾರಾವಾಹಿ ನಿಜವೋ ಸುಳ್ಳೋ ಅಂತ ತೂಗುತ್ತಿದ್ದರು. ಇವರಿಗೆ ಅದು ಬೇಕಾಗಿರಲಿಲ್ಲ. ಒಬ್ಬ ತಾಯಿ ಕಡಲು ದಾಟಿ ಬಂದಳು ಅನ್ನೋದನ್ನು ಕಣ್ಣಲ್ಲಿ ನೋಡಬೇಕಿತ್ತು, ನಟನೆಯಾದರೂ ಸರಿ.

ಈಗ ನಮ್ಮಲ್ಲಿ ಹಳೆ ಕಾಲದ ಯಾವುದೇ ಸಿನಿಮಾ, ಧಾರಾವಾಹಿ ಹಾಕುವ ಮುಂಚೆ ಪೂರ್ತಿ ಒಂದು ಸಲ ನಾನೇ ನೋಡುತ್ತೇನೆ, ಪ್ರತಿಯೊಬ್ಬರ ಜೊತೆ ಕೂತು ಕಥೆ ಏನು ಅಂತ ಮೊದಲೇ ಹೇಳುತ್ತೇನೆ. ಇಂಥ ಕೆಲಸದಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಫೈಲಿನಲ್ಲಿರುವ ವರ್ಷಗಳನ್ನು ಕಳೆದು ನೋಡಿ.

ಚಿನ್ನದ ಗಣಿಯ ಆಂಟಿ

ಆಂಟಿ ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ. ಆಂಗ್ಲೋ ಇಂಡಿಯನ್. ಅವರ ಕನ್ನಡದಲ್ಲಿ ಅರ್ಧ ತಮಿಳು, ನನ್ನ ಕೆಲಸದ ಮೊದಲ ದಿನ "ಏನಮ್ಮಾ, ಊಟ ಆಯ್ತಾ?" ಅಂದಾಗ ನನಗೆ ಕಣ್ಣು ತುಂಬಿಬಂದಿತ್ತು. ಧಾರಾವಾಹಿ ನಡೆಯುವ 1956ರಲ್ಲೇ ಮೈಸೂರು ಸರ್ಕಾರ ಚಿನ್ನದ ಗಣಿಗಳನ್ನು ಬ್ರಿಟಿಷ್ ಕಂಪನಿಯ ಕೈಯಿಂದ ತೆಗೆದುಕೊಂಡದ್ದು. ಸಾಹೇಬರು ಹೊರಟರು. ಅವರ ಹಿಂದೆ ನಿಧಾನಕ್ಕೆ ಆಂಗ್ಲೋ ಇಂಡಿಯನ್ನರೂ ಹೊರಟರು, ಕೆಜಿಎಫ್‌ನಿಂದ, ಬೆಂಗಳೂರಿನ ಕಂಟೋನ್ಮೆಂಟಿನಿಂದ, ವೈಟ್‌ಫೀಲ್ಡ್‌ನಿಂದ.

ನಾಲ್ಕು ವಾರ ಆಂಟಿ ಸುಮ್ಮನೆ ನೋಡಿದರು. ಐದನೇ ವಾರ ಯಾರೋ ಹಾಸ್ಟೆಲ್ ಕಷ್ಟದ ಮಾತು ಎತ್ತಿದಾಗ, "ಹತ್ತು ಪೌಂಡಾ? ನಮಗೆ ಯಾರು ಕೊಟ್ಟರು?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಎಲ್ಲರೂ ತಿರುಗಿ ನೋಡಿದರು.

ಆಸ್ಟ್ರೇಲಿಯಾದಲ್ಲಿ 1901ರಿಂದ ಬಿಳಿಯರಿಗೆ ಮಾತ್ರ ಅನ್ನುವ ನೀತಿ ಇತ್ತು. ಹತ್ತು ಪೌಂಡಿನ ಯೋಜನೆ ಅದರ ಇನ್ನೊಂದು ಮುಖ. 1947ರ ಆಗಸ್ಟಿನಲ್ಲಿ ಮನೂರಾ ಅನ್ನೋ ಹಡಗು ಮುಂಬೈಯಿಂದ ನೂರಾರು ಆಂಗ್ಲೋ ಇಂಡಿಯನ್ನರನ್ನು ಪಶ್ಚಿಮ ಆಸ್ಟ್ರೇಲಿಯಾಕ್ಕೆ ತಂದಾಗ, ಇಳಿದವರಲ್ಲಿ ಕೆಲವರ ಬಣ್ಣ ನೋಡಿ ಇಲ್ಲಿನ ಅಧಿಕಾರಿಗಳು ಗಾಬರಿಯಾದರು, ಆಮೇಲೆ ನಿಯಮ ಬಿಗಿಯಾಯಿತು. ಯುರೋಪಿನ ರಕ್ತ ಹೆಚ್ಚಿದೆ ಅಂತ ತೋರಿಸಬೇಕಿತ್ತು. 1966ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, 1973ರಲ್ಲಿ ಬಣ್ಣದ ಮಾತೇ ಬೇಡ ಅಂತಾಯಿತು.

ಆಂಟಿ ಹೇಳಿದ್ದು ಇಷ್ಟು. ಅಣ್ಣ ತಂಗಿ ಒಂದೇ ದಿನ ಅರ್ಜಿ ಹಾಕಿದರು. ಒಂದೇ ಅಪ್ಪ ಅಮ್ಮ, ಒಂದೇ ಮುತ್ತಜ್ಜನ ಚರ್ಚಿನ ಕಾಗದ. ಅಣ್ಣ ಬೆಳ್ಳಗಿದ್ದ, ಅವನಿಗೆ 1964ರಲ್ಲೇ ಸಿಕ್ಕಿತು. ಆಂಟಿಗೆ ಸಿಕ್ಕಿದ್ದು 1970ರಲ್ಲಿ, ಟಿಕೆಟ್ಟಿಗೆ ಅಮ್ಮನ ಬಳೆ ಮಾರಿದರು. "ನಾನು ಬಂದಾಗ ಅಣ್ಣ ಸ್ಟೇಷನ್ನಿಗೆ ಕರೆಯೋಕೆ ಬರಲಿಲ್ಲ. ತನ್ನ ಮನೆಯ ಅಕ್ಕಪಕ್ಕದವರಿಗೆ ತಾನು ಇಂಗ್ಲಿಷಿನವನು ಅಂತ ಹೇಳಿಕೊಂಡಿದ್ದ."

ಬ್ರಿಸ್ಟಲ್ ತಾತ ಹೋಲ್ಡನ್ ಫ್ಯಾಕ್ಟರಿಯಲ್ಲಿ ಎಷ್ಟೋ ವರ್ಷ ಆಂಟಿಯ ಗಂಡನ ಜೊತೆಗೇ ಕೆಲಸ ಮಾಡಿದವರು. ಇದು ಅವರಿಗೂ ಹೊಸ ಸುದ್ದಿ. "ಅವನು ನನಗೆ ಯಾವತ್ತೂ ಹೇಳಲಿಲ್ಲವಲ್ಲ" ಅಂದರು. ಆಂಟಿ, "ನೀನು ಕೇಳಿದ್ದೆಯಾ?" ಅಂದರು. ಆಮೇಲೆ ಅವರೇ ತಮ್ಮ ತಟ್ಟೆಯ ಬಿಸ್ಕತ್ತು ತಾತನ ಕಡೆ ಸರಿಸಿದರು.

ಗ್ಲಾಸ್ಗೋ ಅಜ್ಜಿ ಆ ದಿನ ನನಗೆ ಹೇಳಿದ ಮಾತು ಮರೆಯೋದಿಲ್ಲ. ತಾನು ಅತ್ತದ್ದೆಲ್ಲ ನಿಜ, ಆದರೆ ತನಗೆ ಅಳುವುದಕ್ಕಾದರೂ ಕರೆದು ಜಾಗ ಕೊಟ್ಟಿದ್ದರು ಅಂತ ಇವತ್ತು ಗೊತ್ತಾಯಿತು ಅಂದರು.

ಆರನೇ ಬುಧವಾರ

ಕೊನೆಯ ಕಂತಿನ ಹಿಂದಿನ ದಿನ ಲೀಡ್ಸ್ ಅಜ್ಜಿ ನನ್ನನ್ನು ಕರೆದು, ಪರ್ತ್‌ನಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿಕೊಡು ಅಂದರು. ಅಕ್ಕನಿಗೆ 80. ಹಡಗು ಹತ್ತಿದಾಗ ಹದಿನಾಲ್ಕು, ಅಮ್ಮನ ಪಕ್ಕ ನಿಂತು ಎಲ್ಲ ನೋಡುವ ವಯಸ್ಸು. ಕಿವಿ ಸರಿ ಕೇಳದ್ದರಿಂದ ಸ್ಪೀಕರ್ ಹಾಕಿದೆ.

ಅಜ್ಜಿ ಮೊದಲು ಅದೂ ಇದೂ ಮಾತಾಡಿದರು. ಆಮೇಲೆ ಧಾರಾವಾಹಿ ಬಗ್ಗೆ ದೂರಿದರು, ಎಲ್ಲ ಸುಳ್ಳು ತೋರಿಸುತ್ತಾರೆ ಅಂತ. "ಅಮ್ಮ ಒಂದು ದಿನ ಆದರೂ ಅತ್ತಿದ್ದಳಾ? ಎಷ್ಟು ಚೆನ್ನಾಗಿ ಇಟ್ಟಿದ್ದಳು ಅಲ್ವಾ ಆ ಗುಡಿಸಲನ್ನ. ಆ ಹೂವಿನ ಬಟ್ಟೆ, ಆ ಟೇಬಲ್."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

"ಯಾವ ಟೇಬಲ್?" ಅಂದರು ಅಕ್ಕ. "ಅಲ್ಲಿ ಟೇಬಲ್ ಎಲ್ಲಿತ್ತು? ಅದು ನಮ್ಮ ದೊಡ್ಡ ಟ್ರಂಕು. ಅಮ್ಮ ಎರಡು ವರ್ಷ ಅದನ್ನ ಬಿಚ್ಚಲೇ ಇಲ್ಲ."

ಅಜ್ಜಿ ಫೋಟೋ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಹೂವಿನ ಬಟ್ಟೆ ಒಂದು ಮೂಲೆಯಲ್ಲಿ ಸ್ವಲ್ಪ ಮೇಲೆ ಸರಿದಿತ್ತು. ಅದರ ಕೆಳಗೆ ಕಬ್ಬಿಣದ ಒಂದು ಹಿಡಿ, ಹಿಡಿಗೆ ಕಟ್ಟಿದ ಹಡಗಿನ ಚೀಟಿ.